ಗ್ಯಾಸ್ ಕೊಳವೆಯ ಗುಂಡಿ ಮುಚ್ಚುವ ಮೊದಲು: ಭಾನುವಾರ ಸಂಜೆ ಎಲ್ಲರೂ ಬನ್ನಿ

ಕೊನೆಯ ಮನೆಯ ಅಕ್ಕೋರು:
ನಮ್ಮ ಬೀದಿಯಲ್ಲಿ ಅಡುಗೆ ಅನಿಲದ ಕೊಳವೆ ಹಾಕಲು ಅಗೆಯುತ್ತಿರುವುದು ಸಂತೋಷವೇ. ಮಂಡಿ ನೋವಿನ ನನಗೆ ಸಿಲಿಂಡರ್ ಎಳೆದಾಡುವುದು ತಪ್ಪುತ್ತದೆ. ಆದರೆ ನಿನ್ನೆ ಮೇಲ್ವಿಚಾರಕರ ಬಳಿ, ‘ಈ ಬೀದಿಯೊಂದರ ಅನಿಲ ನಿಲ್ಲಿಸುವ ವಾಲ್ವ್ ಎಲ್ಲಿದೆ?’ ಎಂದು ಕೇಳಿದೆ. ‘ಅದೆಲ್ಲ ಕಚೇರಿಗೆ ಗೊತ್ತು’ ಎಂದರು. ಭೂಕಂಪವೇನಾದರೂ ಆದರೆ ಅನಿಲ ನಿಲ್ಲಿಸುವವರು ಯಾರು ಎಂದು ಯೋಚಿಸಿ ರಾತ್ರಿ ನಿದ್ದೆ ಬರಲಿಲ್ಲ.

ಬಂದರು ರಸ್ತೆಯ ನಿವಾಸಿ:
ಅಕ್ಕೋರೇ, ಕಾರವಾರದಲ್ಲಿ ಭೂಕಂಪದ ಭಯ ಏಕೆ? ನಮಗೆ ಭಯವೆಂದರೆ ಗುಡ್ಡ ಕುಸಿತದ್ದು.

ನಿವೃತ್ತ ಇಂಜಿನಿಯರ್, ಎರಡನೇ ಅಡ್ಡರಸ್ತೆ:
ಎರಡೂ ಒಂದೇ ಪ್ರಶ್ನೆ ತಮ್ಮಾ, ನೆಲ ಸರಿದಾಗ ಕೊಳವೆ ಏನಾಗುತ್ತದೆ ಎಂಬುದು. ಭೂಕಂಪ ತಾಳುವ ಕಟ್ಟಡಗಳಿಗಾಗಿ ಇರುವ ಭಾರತೀಯ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲಿ ಬೆಂಗಳೂರು 2ನೇ ವಲಯದಲ್ಲಿದ್ದರೆ ಕಾರವಾರ 3ನೇ ವಲಯದಲ್ಲಿದೆ, ಅಂದರೆ ಅಪಾಯ ಇಲ್ಲಿ ಹೆಚ್ಚು. ಮಹಾರಾಷ್ಟ್ರದ ಕೊಯ್ನಾ ನಡುಗಿದ್ದು 1967ರ ಡಿಸೆಂಬರ್ 11ರಂದು. ಅದೂ ಇದೇ ಪಶ್ಚಿಮ ಘಟ್ಟದ ಸಾಲು.

1995ರ ಜನವರಿ 17ರಂದು ಜಪಾನಿನ ಕೋಬೆಯ ಭೂಕಂಪದಲ್ಲಿ ಆದದ್ದನ್ನು ನಾನು ಮರೆತಿಲ್ಲ. ತಿರುಪು ಹಾಕಿ ಜೋಡಿಸಿದ್ದ ಉಕ್ಕಿನ ಕೊಳವೆಗಳು ಸಂದಿಗಳಲ್ಲೇ ಬಿಟ್ಟುಕೊಂಡವು. ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್‌ನ ಕೊಳವೆಗಳು ಬಾಗಿ ತಾಳಿಕೊಂಡವು. ಅನಿಲ ನಿಲ್ಲಿಸಲು ಗಂಟೆಗಟ್ಟಲೆ ಹಿಡಿಯಿತು, 8.5 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಪೂರೈಕೆ ನಿಂತು, ಮತ್ತೆ ಪೂರ್ತಿ ಸರಿಯಾಗಲು ಸುಮಾರು 3 ತಿಂಗಳು ಬೇಕಾಯಿತು. ಅಲ್ಲಿನ ಮನೆಗಳಲ್ಲಿ ಈಗ ಬಲವಾಗಿ ನಡುಗಿದರೆ ತಾನಾಗಿಯೇ ಅನಿಲ ನಿಲ್ಲಿಸುವ ಮೀಟರ್ ಇರುತ್ತದೆ. ನಮ್ಮಲ್ಲಿ ಅಂಥದ್ದು ಇಲ್ಲದಿದ್ದರೆ ಕೈಯಿಂದ ಮುಚ್ಚುವ ವಾಲ್ವ್ ಬೇಕು, ಅದನ್ನು ಮುಚ್ಚುವವರು ಗುಡ್ಡ ಕುಸಿದು ರಸ್ತೆ ಕಟ್ಟಿದರೂ ತಲುಪುವಷ್ಟು ಹತ್ತಿರದಲ್ಲಿರಬೇಕು.

ಬಂದರು ರಸ್ತೆಯ ನಿವಾಸಿ:
ಈಗ ಅರ್ಥವಾಯಿತು ಸರ್. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಗ್ಯಾಸ್ ಟ್ಯಾಂಕರನ್ನೇ ಗಂಗಾವಳಿ ನದಿಗೆ ತಳ್ಳಿತ್ತು. ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರ್‌ನಲ್ಲಿ ಮಣ್ಣಿನಡಿ ಹೋದ ಮನೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಕೊಳವೆ ಗಟಾರ ದಾಟುವ ಕಡೆ ಮೇಲಿನ ಚಿರೆಕಲ್ಲಿನ ಗೋಡೆ ಆಗಲೇ ಬಿರುಕು ಬಿಟ್ಟಿದೆ. ನಾಳೆ ಬೆಳಿಗ್ಗೆ ಫೋಟೋ ತೆಗೆದು ಕಳುಹಿಸುತ್ತೇನೆ.

ಮೂರನೇ ಅಡ್ಡರಸ್ತೆಯ ಗೃಹಿಣಿ:
ಕೊಳವೆಯ ಅನಿಲ ಸಿಲಿಂಡರ್‌ಗಿಂತ ಸುರಕ್ಷಿತ ಎಂದು ಹೇಳಿದ್ದರು. ಹೌದೇ?

ನಿವೃತ್ತ ಇಂಜಿನಿಯರ್:
ಒಂದು ವಿಷಯದಲ್ಲಿ ಹೌದು ತಂಗಿ. ಇದು ಹೆಚ್ಚಾಗಿ ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಸಿಲಿಂಡರ್‌ನ ಅನಿಲ ಭಾರ, ನೆಲದಲ್ಲೇ ಹರಡಿಕೊಳ್ಳುತ್ತದೆ. ಆದರೆ ಮುಚ್ಚಿದ ಕೋಣೆಯ ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಸೇರಿದರೆ ಒಂದು ಕಿಡಿ ಸಾಕು. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಬೆಂಕಿ ಹಚ್ಚಬೇಡಿ. ಕಿಟಕಿ ತೆರೆದು ಹೊರಗೆ ಬನ್ನಿ, ಮೊಬೈಲ್ ಕರೆಯನ್ನೂ ಹೊರಗೆ ಬಂದ ಮೇಲೇ ಮಾಡಿ.

ಕೊನೆಯ ಮನೆಯ ಅಕ್ಕೋರು:
ಹಾಗಾದರೆ ಭಾನುವಾರ ಸಂಜೆ 5ಕ್ಕೆ ನಮ್ಮ ಅಂಗಳದಲ್ಲಿ ಸೇರೋಣ. ಅರ್ಜಿಯನ್ನು ನಾನೇ ಬರೆಯುತ್ತೇನೆ. ವಾಲ್ವ್ ಇರುವ ಜಾಗದ ನಕ್ಷೆ, ಗಟಾರದ ಬಳಿಯ ಕೊಳವೆಯ ಆಳ, ರಾತ್ರಿಯೂ ಬರುವ ಜವಾಬ್ದಾರರ ಫೋನ್ ಸಂಖ್ಯೆಯನ್ನು ಲಿಖಿತವಾಗಿ ಕೇಳೋಣ. ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಅಗ್ನಿಶಾಮಕ ಠಾಣೆಗೂ ಕೊಡೋಣ. ಅಲ್ಲಿಯವರೆಗೆ ಗುಂಡಿ ಮುಚ್ಚಲು ಬಂದರೆ ಜಗಳ ಬೇಡ, ನನಗೆ ಕರೆ ಮಾಡಿ. ನಾನು ಬಂದು ಅಲ್ಲೇ ನಿಲ್ಲುತ್ತೇನೆ.

ಮೂರನೇ ಅಡ್ಡರಸ್ತೆಯ ಗೃಹಿಣಿ:
ನೀವೊಬ್ಬರೇ ಏಕೆ ಅಕ್ಕೋರೇ, ನಾನೂ ಬರುತ್ತೇನೆ. ನಮ್ಮ ಸಾಲಿನ ಮನೆಗಳಿಗೆಲ್ಲ ನಾಳೆಯೇ ತಿಳಿಸುತ್ತೇನೆ.