‘ಮೈ’ ಅಡ್ಜೆಕ್ಟಿವ್ ಹೌದಾ, ಅಲ್ವಾ?

ಪ್ರಶ್ನೆ (ಹತ್ತನೇ ಕ್ಲಾಸ್ ಹುಡುಗಿಯ ತಾಯಿ): ನಮಸ್ಕಾರ ಸರ್. ಮಗಳ ಟೆಸ್ಟಲ್ಲಿ ‘ದಿಸ್ ಈಸ್ ಮೈ ರೆಡ್ ಬ್ಯಾಗ್’ ಅಂತ ಕೊಟ್ಟು, ಅಡ್ಜೆಕ್ಟಿವ್ ಕೆಳಗೆ ಗೆರೆ ಎಳೆಯಲು ಹೇಳಿದ್ದರು. ಅವಳು ‘ಮೈ’, ‘ರೆಡ್’ ಎರಡಕ್ಕೂ ಎಳೆದಿದ್ದಾಳೆ. ‘ಮೈ’ ತಪ್ಪು ಅಂತ ಅರ್ಧ ಮಾರ್ಕ್ಸ್ ಕಳೆದಿದ್ದಾರೆ. ನಾನು ಓದಿದ ಗ್ರಾಮರ್ ಪುಸ್ತಕದಲ್ಲಿ ‘ಪೊಸೆಸಿವ್ ಅಡ್ಜೆಕ್ಟಿವ್’ ಅಂತಲೇ ಇತ್ತು!

ಉತ್ತರ: ಮೇಡಂ, ಇದು ಹೆಸರಿನ ಜಗಳ ಅಷ್ಟೇ. ಹಳೇ ವ್ಯಾಕರಣದವರು ನಾಮಪದಕ್ಕೆ ಅಂಟಿಕೊಂಡು ಬಂದದ್ದನ್ನೆಲ್ಲ ಅಡ್ಜೆಕ್ಟಿವ್ ಲೆಕ್ಕಕ್ಕೆ ಹಾಕುತ್ತಿದ್ದರು. ಈಗಿನವರು ‘ಮೈ’ಯನ್ನು ‘ಎ’, ‘ದಿ’, ‘ದಟ್’ ಜೊತೆ ಕೂರಿಸಿ ಡಿಟರ್ಮಿನರ್ (ಯಾವುದು, ಯಾರದು ಅಂತ ಗುರುತಿಸುವ ಪದ) ಅನ್ನುತ್ತಾರೆ. ನನಗೂ ಇದೇ ಸರಿ ಅನ್ನಿಸುತ್ತದೆ. ‘ವೆರಿ ರೆಡ್’ ಅನ್ನಬಹುದು, ‘ವೆರಿ ಮೈ’ ಅಂದರೆ ನಗುತ್ತಾರೆ. ‘ದಿ ರೆಡ್ ಬ್ಯಾಗ್’ ಸರಿ, ‘ದಿ ಮೈ ಬ್ಯಾಗ್’ ಆಗುವುದಿಲ್ಲ. ಇರುವುದು ಒಂದೇ ಸೀಟು. ‘ದಿ’ ಕೂತರೆ ‘ಮೈ’ಗೆ ಜಾಗವಿಲ್ಲ.

ನಮ್ಮ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಕನ್ನಡದಲ್ಲಿ ‘ನನ್ನ ಆ ಬ್ಯಾಗು’ ಸಲೀಸಾಗಿ ಬರುತ್ತದೆ. ಅದನ್ನೇ ‘ಮೈ ದಟ್ ಬ್ಯಾಗ್’ ಮಾಡಿಬಿಡುತ್ತಾರೆ. ‘ದಟ್ ಬ್ಯಾಗ್ ಆಫ್ ಮೈನ್’ ಅನ್ನಬೇಕು.

ಅರ್ಧ ಮಾರ್ಕ್ಸ್ ಮಾತ್ರ ಸುಮ್ನೆ ಬಿಡಬೇಡಿ. ಅವಳ ಪಠ್ಯದಲ್ಲಿ ಯಾವ ಹೆಸರಿದೆ ನೋಡಿಕೊಂಡು ಹೋಗಿ ಕೇಳಿ.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿ): ಸರ್, ‘ಮೈ’, ‘ಮೈನ್’ ಎಲ್ಲಿ ಯಾವುದು? ಇನ್ನೊಂದು, ‘ಟ್ರಾನ್ಸ್‌ಫರ್ಡ್ ಎಪಿಥೆಟ್’ ಡೆಫಿನಿಷನ್ ಬಾಯಿಪಾಠ ಆಗಿದೆ, ತಲೆಗೆ ಹೋಗಿಲ್ಲ.

ಉತ್ತರ: ಮೊದಲನೆಯದಕ್ಕೆ ಕನ್ನಡ ಸಾಕಪ್ಪ. ‘ನನ್ನ’ ಬಂದರೆ ‘ಮೈ’, ‘ನನ್ನದು’ ಬಂದರೆ ‘ಮೈನ್’. ಅವಳ, ಅವಳದು ಅಂದರೆ ಹರ್, ಹರ್ಸ್. ‘ಅವನ’, ‘ಅವನದು’ ಎರಡಕ್ಕೂ ‘ಹಿಸ್’ ಒಂದೇ. ‘ಹಿಸ್’, ‘ಹರ್ಸ್’ಗೆ ಅಪಾಸ್ಟ್ರಫಿ ಇಲ್ಲ ಅಲ್ವಾ? ‘ಅದರ’ ಅನ್ನುವ ‘ಇಟ್ಸ್’ಗೂ ಬೇಡ. ಹಾಕಿದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಆಗುತ್ತದೆ.

ಎರಡನೆಯದು ಮತ್ತೆ ಅಡ್ಜೆಕ್ಟಿವ್ ಕಥೆನೇ. ‘ಸ್ಲೀಪ್‌ಲೆಸ್ ನೈಟ್’ ನೋಡು. ನಿದ್ದೆ ಬಾರದಿರುವುದು ರಾತ್ರಿಗಾ? ಹಾಸಿಗೆ ಮೇಲೆ ಹೊರಳಾಡಿದವನಿಗೆ. ಅವನಿಗೆ ಸೇರಬೇಕಾದ ಮಾತನ್ನು ಎತ್ತಿ ರಾತ್ರಿಗೆ ಅಂಟಿಸಿದ್ದಾರೆ. ನಾವೂ ‘ನಿದ್ದೆಗೆಟ್ಟ ರಾತ್ರಿ’ ಅನ್ನುತ್ತೇವೆ, ಯಾರೂ ಹುಬ್ಬೇರಿಸುವುದಿಲ್ಲ. ‘ರಾತ್ರಿ ಬಿಕ್ಕಿ ಬಿಕ್ಕಿ ಅತ್ತಿತು’ ಅಂದರೆ ಬೇರೆ. ಅಲ್ಲಿ ರಾತ್ರಿಯನ್ನೇ ಮನುಷ್ಯ ಮಾಡಿದ್ದಾರೆ, ಅದು ಪರ್ಸಾನಿಫಿಕೇಶನ್. ಪರೀಕ್ಷೆಯಲ್ಲಿ ಗೊಂದಲ ಆದರೆ ‘ಈ ಗುಣ ನಿಜಕ್ಕೂ ಯಾರದು?’ ಅಂತ ಕೇಳಿಕೋ. ಪಕ್ಕದಲ್ಲೇ ಇರುವ ಇನ್ನೊಬ್ಬರದು ಅಂತಾದರೆ ಟ್ರಾನ್ಸ್‌ಫರ್ಡ್ ಎಪಿಥೆಟ್.

ಮೊದಲು ಕೇಳಿದ ತಾಯಿ: ಸರ್, ಮಗಳು ಓದಿ ಕೇಳುತ್ತಿದ್ದಾಳೆ. ಅರ್ಧ ಮಾರ್ಕ್ಸ್ ಕಳೆದದ್ದು ‘ಆನ್ ಆಂಗ್ರಿ ರೆಡ್ ಪೆನ್’ ಅಂದರೆ ಅದೇನಾ?

ಉತ್ತರ: ಹೌದು, ಆದರೆ ‘ಆಂಗ್ರಿ’ ಒಂದೇ. ‘ರೆಡ್’ ಪೆನ್ನಿನದೇ.