ಮಳೆ ನಕ್ಷೆಯ ಕಲರ್‌ಬಾರ್‌ನಲ್ಲಿ ಅರ್ಧ ಅಂಕಿಗಳೇ ಕಾಣುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಪೈಥಾನ್‌ನಲ್ಲಿ ನಕ್ಷೆ, ಗ್ರಾಫ್ ಬಿಡಿಸುವ ಲೈಬ್ರರಿ) ಕರ್ನಾಟಕದ ಒಂದು ವರ್ಷದ ಮಳೆ ನಕ್ಷೆ ಮಾಡುತ್ತಿದ್ದೇನೆ. ಪಟ್ಟಿ ಪಟ್ಟಿಯಾಗಿ ಬಣ್ಣ ತುಂಬುವ ಕಾಂಟೂರ್‌ಎಫ್‌ಗೆ ನಾನೇ 12 ಲೆವೆಲ್ (ಪಟ್ಟಿಗಳ ಅಂಚಿನ ಬೆಲೆ) ಕೊಟ್ಟಿದ್ದೇನೆ: 400, 600, 800, 1000, 1500, 2000, ಆಮೇಲೆ ಸಾವಿರ ಸಾವಿರದಂತೆ 8000 ಮಿ.ಮೀ.ವರೆಗೆ. ಆದರೆ ಯಾವ ಬಣ್ಣಕ್ಕೆ ಎಷ್ಟು ಮಳೆ ಅಂತ ತೋರಿಸುವ ಕಲರ್‌ಬಾರ್‌ನಲ್ಲಿ 400, 800, 1500 ಹೀಗೆ ಒಂದು ಬಿಟ್ಟು ಒಂದು ಅಂಕಿ ಬರುತ್ತಿದೆ. ಚಿತ್ರದುರ್ಗ, ಬಳ್ಳಾರಿ, ಕೋಲಾರ ಎಲ್ಲಾ ಒಂದೇ ಬಣ್ಣ. ಆಗುಂಬೆ ಹತ್ತಿರ ಮಾತ್ರ ಬಿಳಿ ತೂತು. ಡೇಟಾ ಇದೆ, ಪ್ರಿಂಟ್ ಮಾಡಿ ನೋಡಿದೆ. ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಉತ್ತರ:
ಬಿಳಿ ತೂತು ಸುಲಭ. ಅಲ್ಲಿ ಮಳೆ 8000 ದಾಟಿರಬೇಕು. ಕೊನೆಯ ಲೆವೆಲ್‌ಗಿಂತ ಜಾಸ್ತಿ ಇರುವ ಜಾಗಕ್ಕೆ ಕಾಂಟೂರ್‌ಎಫ್ ಬಣ್ಣ ಹಾಕುವುದಿಲ್ಲ. ಎಕ್ಸ್‌ಟೆಂಡ್='ಮ್ಯಾಕ್ಸ್' ಕೊಡಿ. ಕಲರ್‌ಬಾರ್‌ನ ತುದಿಗೆ ತ್ರಿಕೋನ ಬರುತ್ತದೆ.

ಅಂಕಿ ಬಿಟ್ಟುಹೋಗುವುದು ನಿಮ್ಮ ತಪ್ಪಲ್ಲ. ಲೆವೆಲ್‌ಗಳ ಸಂಖ್ಯೆ 10ಕ್ಕಿಂತ ಜಾಸ್ತಿಯಾದರೆ ಕಲರ್‌ಬಾರ್ ತಾನಾಗಿಯೇ ಕೆಲವನ್ನು ಬಿಡುತ್ತದೆ. ಕಲರ್‌ಬಾರ್ ಕರೆಯುವಾಗ ಟಿಕ್ಸ್=ಲೆವೆಲ್ಸ್ ಅಂತ ಬರೆಯಿರಿ, ಹನ್ನೆರಡೂ ಬರುತ್ತವೆ.

ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಕ್ಷೆ ಸುಳ್ಳು ಹೇಳುತ್ತಿರುವುದು ಇಲ್ಲೇ. ನೀವು ನಾರ್ಮ್ (ಯಾವ ಬೆಲೆಗೆ ಯಾವ ಬಣ್ಣ ಅಂತ ಹೊಂದಿಸುವ ನಿಯಮ) ಕೊಡದಿದ್ದರೆ 400ರಿಂದ 8000ವರೆಗಿನ ಬಣ್ಣ ಒಂದೇ ಸಮನೆ ಹಂಚಿಹೋಗುತ್ತದೆ. ಪ್ರತಿ ಪಟ್ಟಿಗೂ ಅದರ ನಡುವಿನ ಬೆಲೆಯ ಬಣ್ಣ ಸಿಗುತ್ತದೆ. 400–600ರ ನಡು 500, 800–1000ರ ನಡು 900. 7600ರ ಅಳತೆಯಲ್ಲಿ ಇವೆರಡರ ಅಂತರ 400 ಅಷ್ಟೇ, ನೂರಕ್ಕೆ ಐದು ಪಾಲು. ಕಣ್ಣಿಗೆ ಹೇಗೆ ಗೊತ್ತಾಗಬೇಕು? ಇಡೀ ಬಯಲುಸೀಮೆ ಆ ಐದು ಪಾಲಿನಲ್ಲೇ ಮುಳುಗಿದೆ. ರೈತನಿಗೆ 500ಕ್ಕೂ 900ಕ್ಕೂ ಇರುವ ಅಂತರ ಸಣ್ಣದಲ್ಲ, ಅಲ್ವಾ?

ಬೌಂಡರಿನಾರ್ಮ್ ಬಳಸಿ: ಅದಕ್ಕೆ ಲೆವೆಲ್ಸ್, ಎನ್‌ಕಲರ್ಸ್=256, ಎಕ್ಸ್‌ಟೆಂಡ್='ಮ್ಯಾಕ್ಸ್' ಕೊಟ್ಟು, ಅದನ್ನೇ ಕಾಂಟೂರ್‌ಎಫ್‌ನ ನಾರ್ಮ್‌ಗೆ ಹಾಕಿ. ಆಗ ಪಟ್ಟಿ ಅಗಲವಿರಲಿ ಕಿರಿದಿರಲಿ, ಬಣ್ಣದ ಹೆಜ್ಜೆ ಒಂದೇ. ಇದಕ್ಕೆ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿ 3.3 ಅಥವಾ ಅದಕ್ಕಿಂತ ಹೊಸದು ಬೇಕು.

ಪ್ರಶ್ನೆ:
ತುಂಬಾ ಥ್ಯಾಂಕ್ಸ್! ಚಿತ್ರದುರ್ಗ ಬೇರೆ, ಕೋಲಾರ ಬೇರೆಯಾಗಿ ಕಾಣುತ್ತಿದೆ. ಇನ್ನೊಂದು ಸಂಶಯ. 200ರ ಅಂತರಕ್ಕೂ 1000ದ ಅಂತರಕ್ಕೂ ಕಲರ್‌ಬಾರ್‌ನಲ್ಲಿ ಒಂದೇ ಎತ್ತರ ಇದೆ. ಅಂತರಕ್ಕೆ ತಕ್ಕ ಎತ್ತರ ಬರಲಿ ಅಂತ ಸ್ಪೇಸಿಂಗ್='ಪ್ರೊಪೋರ್ಶನಲ್' ಹಾಕಿದರೆ ಕೆಳಗಿನ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ.

ಉತ್ತರ:
ಹೌದು, 400ರಿಂದ 1000ವರೆಗಿನ ನಾಲ್ಕು ಅಂಕಿಗೆ ಬಾರ್‌ನ ಹನ್ನೆರಡನೇ ಒಂದು ಭಾಗವೂ ಸಿಗುವುದಿಲ್ಲ. ಪ್ರೊಪೋರ್ಶನಲ್ ತೆಗೆಯಿರಿ, ಮೊದಲಿನಂತೆಯೇ ಇರಲಿ. ನಕ್ಷೆಯ ಕೆಳಗೆ "ಅಂತರಗಳು ಸಮನಾಗಿಲ್ಲ" ಅಂತ ಒಂದು ಸಾಲು ಬರೆಯಿರಿ. ಬಣ್ಣದ ಮೇಲೆ ಗೆರೆ ಎಳೆಯಲು ಕಾಂಟೂರ್ ಕೂಡ ಕರೆಯುತ್ತಿದ್ದರೆ ಅದಕ್ಕೂ ಇದೇ ಲೆವೆಲ್ಸ್ ಕೊಡಿ. ಇಲ್ಲದಿದ್ದರೆ ಗೆರೆ ಒಂದು ಕಡೆ, ಬಣ್ಣದ ಅಂಚು ಇನ್ನೊಂದು ಕಡೆ ಹೋಗುತ್ತದೆ.