ಯಾವ ಕರೆಂಟಿಗೆ ಎಷ್ಟು ಜೀವ: ನಮ್ಮ ಮನೆ ಗುಂಪಿನ ಒಂದು ಸಂಜೆಯ ಮಾತು

ಸುಮಾ: (ಫಾರ್ವರ್ಡ್ ಆಗಿ ಬಂದ ಚಿತ್ರ) ಒಂದು ಟೆರಾವಾಟ್ ಅವರ್ ವಿದ್ಯುತ್ತಿಗೆ ಹೋಗುವ ಜೀವಗಳು: ಕಲ್ಲಿದ್ದಲು 24.6, ತೈಲ 18.4, ಅನಿಲ 2.8, ಜಲವಿದ್ಯುತ್ 1.3, ಗಾಳಿ 0.04, ಅಣು 0.03, ಸೌರ 0.02

ಸುಮಾ: ಅಣು ವಿದ್ಯುತ್ತು ಗಾಳಿಯಂತ್ರದಷ್ಟೇ ಸೇಫ್ ಅಂತೆ. ನನಗೆ ನಂಬಲು ಆಗಲಿಲ್ಲ, ಅದಕ್ಕೇ ಇಲ್ಲಿ ಹಾಕಿದೆ.

ಗಣಪತಿ ಮಾವ: ಸುಮಾ, ಯಾರು ಮಾಡಿದ್ದು ಅಂತ ನೋಡದೆ ಇಂಥದ್ದನ್ನು ಹಂಚಬೇಡ. ಕೈಗಾ ಅಣುಸ್ಥಾವರ ಬೇಡ ಅಂತ ಬಿಸಿಲಲ್ಲಿ ಮೆರವಣಿಗೆ ನಡೆದವನು ನಾನು. 1989ರಲ್ಲಿ ಶಿವರಾಮ ಕಾರಂತರು 87ರ ವಯಸ್ಸಿನಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತರಲ್ಲ, ಸುಮ್ನೆ ನಿಂತರಾ? 1994ರಲ್ಲಿ ಕಟ್ಟುತ್ತಿರುವಾಗಲೇ ಗುಮ್ಮಟದ ಕಾಂಕ್ರೀಟ್ ಕಳಚಿ ಒಳಗೆ ಬಿತ್ತು. 2009ರಲ್ಲಿ ಅಲ್ಲಿನ ಕೆಲಸಗಾರರು ಕುಡಿಯುವ ಕೂಲರಿನ ನೀರಿಗೇ ವಿಕಿರಣ ಸೂಸುವ ಟ್ರಿಟಿಯಂ ಸೇರಿತ್ತು. ಮೂತ್ರ ಪರೀಕ್ಷೆ ಮಾಡಿದಾಗ ಗೊತ್ತಾಯಿತು. ಈ 0.03 ಬರೆದವರಿಗೆ ಇದೆಲ್ಲ ಗೊತ್ತಿದೆಯಾ?

ನವೀನ: ಚೆರ್ನೋಬಿಲ್ ಅಣುಸ್ಥಾವರದ ದುರಂತ ಸೇರಿಸಿರಲಿಕ್ಕಿಲ್ಲ ಬಿಡಿ ಮಾವ.

ಗೀತಾ: ಸೇರಿಸಿದ್ದಾರೆ ನವೀನ. ಜಪಾನಿನ ಫುಕುಶಿಮಾನೂ ಸೇರಿದೆ. 1986ರಲ್ಲಿ ಚೆರ್ನೋಬಿಲ್ ಸಿಡಿದಾಗ ಮೊದಲ ಕೆಲವು ತಿಂಗಳಲ್ಲಿ ತೀರಿಕೊಂಡವರು ಸುಮಾರು 30 ಜನ. ಮುಂದೆ ಕ್ಯಾನ್ಸರ್ ಬಂದು ಹೋಗುವವರು 4,000ದವರೆಗೆ ಆಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿತು. ಆ 4,000ವನ್ನು ಪೂರ್ತಿ ಸೇರಿಸಿದರೂ ಕಲ್ಲಿದ್ದಲಿನ ಹತ್ತಿರಕ್ಕೂ ಬರುವುದಿಲ್ಲ, ಯಾಕೆಂದರೆ ಅದನ್ನು ಜಗತ್ತಿನ ಎಲ್ಲ ಅಣು ಸ್ಥಾವರಗಳು ಇಷ್ಟು ವರ್ಷ ಕೊಟ್ಟ ಕರೆಂಟಿಗೆ ಭಾಗಿಸುತ್ತಾರೆ. ಒಂದು ಟೆರಾವಾಟ್ ಅವರ್ ಅಂದರೆ 100 ಕೋಟಿ ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಎಂಟು ಲಕ್ಷ ಮನೆಗಳಿಗೆ ಒಂದು ವರ್ಷಕ್ಕೆ ಸಾಕು, ಅಷ್ಟು.

ಗೀತಾ: ಫುಕುಶಿಮಾದಲ್ಲಿ ವಿಕಿರಣದಿಂದ ಸತ್ತರು ಅಂತ ಅಲ್ಲಿನ ಸರ್ಕಾರ 2018ರಲ್ಲಿ ಒಪ್ಪಿದ್ದು ಒಬ್ಬರನ್ನು ಮಾತ್ರ. ಆದರೆ ಊರು ಖಾಲಿ ಮಾಡಿಸುವ ಗಡಿಬಿಡಿಯಲ್ಲಿ, ಆಮೇಲಿನ ಅಲೆದಾಟದಲ್ಲಿ ಹೋದವರು 2,000ಕ್ಕೂ ಜಾಸ್ತಿ. ಹೆಚ್ಚಿನವರು ವಯಸ್ಸಾದವರು. ಆಸ್ಪತ್ರೆ ಹಾಸಿಗೆಯಿಂದ ಎಬ್ಬಿಸಿ ಬಸ್ಸಿಗೆ ಹತ್ತಿಸಿದ್ದರು.

ಸುಮಾ: ಜಲವಿದ್ಯುತ್ತಿಗೆ 1.3 ಯಾಕೆ ಗೀತಕ್ಕ? ನೀರು ತಾನೇ?

ಗೀತಾ: ಹೆಚ್ಚುಕಡಿಮೆ ಒಂದೇ ಅಣೆಕಟ್ಟಿನ ಲೆಕ್ಕ ಅದು. 1975ರ ಆಗಸ್ಟ್‌ನಲ್ಲಿ ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಬಾಂಚಿಯಾವ್ ಅಣೆಕಟ್ಟು ಚಂಡಮಾರುತದ ಮಳೆಗೆ ಒಡೆಯಿತು. 1.7 ಲಕ್ಷ ಜನ ಹೋದರು ಅಂತ ಹಿಡಿದಿದ್ದಾರೆ.

ಗಣಪತಿ ಮಾವ: ಸತ್ತವರನ್ನು ಎಣಿಸುತ್ತೀರಿ, ಸರಿ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ, ಗದ್ದೆ, ದೇವಸ್ಥಾನ ಎಲ್ಲ ಮುಳುಗಿ ಗಂಟುಮೂಟೆ ಕಟ್ಟಿದವರು ಈ ಚಿತ್ರದಲ್ಲಿ ಎಲ್ಲಿದ್ದಾರೆ? ಅವರು ಸಾಯಲಿಲ್ಲ, ಹಾಗಾಗಿ ಸೊನ್ನೆ. ಚೆರ್ನೋಬಿಲ್ ಸುತ್ತ ವಿಕಿರಣದ ಅಯೋಡಿನ್ ಬಿದ್ದ ಹುಲ್ಲು ಮೇಯ್ದ ಹಸುವಿನ ಹಾಲು ಕುಡಿದು ಥೈರಾಯ್ಡ್ ಕ್ಯಾನ್ಸರ್ ಬಂದ ಮಕ್ಕಳು, ಆಪರೇಷನ್ ಆಗಿ ಜೀವನವಿಡೀ ಮಾತ್ರೆ ನುಂಗುವವರು, ಅವರೂ ಸೊನ್ನೆ. ಇನ್ನೊಂದು ಕೇಳುತ್ತೇನೆ. ಕಲ್ಲಿದ್ದಲಿನ ಆ 24.6 ಯಾವ ದೇಶದ್ದು? ನಮ್ಮದಾ?

ಗೀತಾ: ಮಾವ, ಮೊದಲನೆಯದನ್ನು ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆ ಚಿತ್ರದಲ್ಲಿ ಮುಳುಗಿದ ಊರಿಗೆ ಜಾಗವೇ ಇಲ್ಲ. ಎರಡನೆಯದಕ್ಕೆ ಉತ್ತರ, ನಮ್ಮದಲ್ಲ. ಯುರೋಪಿನ ಸ್ಥಾವರಗಳನ್ನು ನೋಡಿ 2007ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ ಅದು. ಆದರೆ ಅದರಿಂದ ನಮಗೆ ಸಮಾಧಾನ ಸಿಗುವುದಿಲ್ಲ. ನಮ್ಮ ಕಲ್ಲಿದ್ದಲು 100 ಕೆಜಿ ಸುಟ್ಟರೆ 30ರಿಂದ 45 ಕೆಜಿ ಬೂದಿಯೇ ಉಳಿಯುತ್ತದೆ. ಗಂಧಕದ ಹೊಗೆ ತಡೆಯುವ ಯಂತ್ರ ಹಾಕಬೇಕು ಅಂತ 2015ರ ಡಿಸೆಂಬರ್‌ನಲ್ಲಿ ನಿಯಮ ಬಂತು, 2017ಕ್ಕೆ ಗಡುವು ಇತ್ತು, ಅದನ್ನು ಮುಂದಕ್ಕೆ ಹಾಕುತ್ತಾ ಹಾಕುತ್ತಾ ಕಡೆಗೆ 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ಅದು ಬೇಡವೇ ಬೇಡ ಅಂತ ವಿನಾಯಿತಿ ಕೊಟ್ಟುಬಿಟ್ಟರು. ಆ ಹೊಗೆ ಗಾಳಿಯಲ್ಲಿ ಸಣ್ಣ ಕಣವಾಗಿ ನೂರಾರು ಕಿಲೋಮೀಟರ್ ಹೋಗುತ್ತದೆ. ಕೂದಲಿನ ಮೂವತ್ತನೇ ಒಂದು ಭಾಗದಷ್ಟು ಸಣ್ಣದು. ಶ್ವಾಸಕೋಶ ದಾಟಿ ರಕ್ತಕ್ಕೇ ಇಳಿಯುತ್ತದೆ, ಹೃದಯಾಘಾತ, ಪಾರ್ಶ್ವವಾಯು ಬರುವುದು ಹೀಗೆ.

ನವೀನ: ಕಲ್ಲಿದ್ದಲು ಸುಡುವ ಥರ್ಮಲ್ ಸ್ಥಾವರದಲ್ಲೂ ಅಪಘಾತ ಆಗಿವೆಯಲ್ಲ. 2017ರಲ್ಲಿ ಉತ್ತರ ಪ್ರದೇಶದ ಊಂಚಾಹಾರ್‌ನಲ್ಲಿ ಬಾಯ್ಲರ್ ಸಿಡಿದು 40 ದಾಟಿತ್ತು.

ಗೀತಾ: ಹೌದು, ಆದರೆ ಅದು ಈ ಲೆಕ್ಕದಲ್ಲಿ ಚೂರು ಮಾತ್ರ. ಉಳಿದದ್ದೆಲ್ಲ ದಿನದಿನದ ಹೊಗೆ. ನಮ್ಮೂರ ಪಕ್ಕದ ಥರ್ಮಲ್ ನೀವೆಲ್ಲ ನೋಡಿದ್ದೀರಿ, ಹೆಸರು ಇಲ್ಲಿ ಬೇಡ. ಬೇಸಿಗೆಯಲ್ಲಿ ಬೂದಿ ಹೊಂಡ ಒಣಗಿ ಗಾಳಿ ಎದ್ದರೆ ಮಾಳಿಗೆ ಮೇಲೆ ಶಾವಿಗೆ ಒಣಹಾಕುವ ಹಾಗಿಲ್ಲ. ಮೊನ್ನೆ ಬೆಳಿಗ್ಗೆ ತುಳಸಿ ಎಲೆಯ ಮೇಲೆ ಬೆರಳಾಡಿಸಿದೆ, ಬೂದು ಬಣ್ಣದ ಪುಡಿ, ಪೌಡರಿನ ಹಾಗೆ ನುಣ್ಣಗೆ. ಹಾರುಬೂದಿ ಲಾರಿಗೆ ಟಾರ್ಪಾಲ್ ಕಟ್ಟಿರುತ್ತಾರೆ, ಹಿಂದಿನ ತುದಿ ಬಿಚ್ಚಿಕೊಂಡು ಪಟಪಟ ಅನ್ನುತ್ತಾ ಹೋಗುತ್ತಿರುತ್ತದೆ.

ಗೀತಾ: ಅತ್ತೆಗೆ ನಾಲ್ಕು ವರ್ಷದಿಂದ ಉಬ್ಬಸ. ಡಾಕ್ಟರು ಕೇಳಿದರು, ಸೌದೆ ಒಲೆ ಎಷ್ಟು ವರ್ಷ ಊದಿದ್ದೀರಿ ಅಂತ. ಮೂವತ್ತು ವರ್ಷ ಊದಿದ್ದಾರೆ. ಹಾಗಾದರೆ ಇದು ಒಲೆಯದ್ದಾ, ಚಿಮ್ನಿಯದ್ದಾ? ಹೇಳಲು ಆಗುವುದಿಲ್ಲ ಅಂದರು. ನಾನೂ ಸುಳ್ಳು ಹೇಳುವುದಿಲ್ಲ, ಥರ್ಮಲ್‌ನಿಂದಲೇ ಬಂತು ಅನ್ನಲು ನನ್ನ ಹತ್ತಿರ ಆಧಾರ ಇಲ್ಲ. ಮಾವ, ಕೈಗಾದ ಕೂಲರಿನ ದಿನಾಂಕ ನಿಮಗೆ ನೆನಪಿದೆ, ಪತ್ರಿಕೆಯಲ್ಲಿ ಬಂತು, ವಿಚಾರಣೆ ಆಯಿತು. ಹಾಗೆ ಆಗಲೇಬೇಕು. ನಮ್ಮ ಬೀದಿಯಲ್ಲಿ ಕೆಮ್ಮಿ ಕೆಮ್ಮಿ ಹೋದವರ ಚೀಟಿಯಲ್ಲಿ ಕಲ್ಲಿದ್ದಲು ಅಂತ ಯಾರೂ ಬರೆಯುವುದಿಲ್ಲ. ಅದಕ್ಕೇ ಹೊಗೆ ಎಷ್ಟು, ಉಸಿರಾಡುವ ಜನ ಎಷ್ಟು ಅಂತ ಅಂದಾಜು ಹಾಕಬೇಕಾಗಿದೆ. ಆ 24.6 ಅಂಥ ಅಂದಾಜು.

ಸುಮಾ: ಅಂದರೆ ಅಣು ಬೇಕು ಅಂತಲಾ ಗೀತಕ್ಕ?

ಗೀತಾ: ನಮ್ಮ ರಾಜ್ಯದಲ್ಲಿ ಬಿಸಿಲು, ಗಾಳಿ ಎರಡೂ ಇವೆ, ಅದು ಮೊದಲು ಬರಲಿ. ಮಾಳಿಗೆಗೆ ಸೋಲಾರ್ ಹಾಕುವ ಹುಡುಗರು ಸೊಂಟಕ್ಕೆ ಬೆಲ್ಟ್ ಕಟ್ಟಲಿ, ಅಲ್ಲಿ ಬೀಳುವುದೇ ದೊಡ್ಡ ಅಪಾಯ. ರಾತ್ರಿಗೆ ಏನು ಅಂದಾಗ, ಕಲ್ಲಿದ್ದಲಾ ಅಣುವಾ ಅಂತ ನನ್ನನ್ನೇ ಕೇಳಿದರೆ, ಆರೋಗ್ಯದ ಮಟ್ಟಿಗೆ ಅಣು ಅನ್ನುತ್ತೇನೆ. ಮಾವನಿಗೆ ಬೇಜಾರಾಗುತ್ತೆ, ಆದರೂ ಅನ್ನುತ್ತೇನೆ.

ಗಣಪತಿ ಮಾವ: ಬೇಜಾರಿಲ್ಲ. ಒಪ್ಪುವುದೂ ಇಲ್ಲ. ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯವನ್ನು ಎಲ್ಲಿಡುತ್ತಾರೆ ಅಂತ ಯಾರಾದರೂ ನನಗೆ ತೋರಿಸುವ ತನಕ ಒಪ್ಪುವುದಿಲ್ಲ. ಆದರೆ ಕೈಗಾ ಬೇಡ ಅನ್ನುವಾಗ ಅದರ ಬದಲಿಗೆ ಕರೆಂಟು ಎಲ್ಲಿಂದ ಬರುತ್ತೆ, ಅದರ ಹೊಗೆ ಯಾರ ಮನೆಗೆ ಹೋಗುತ್ತೆ ಅಂತ ನಾವು ಜಾಸ್ತಿ ಮಾತಾಡಲಿಲ್ಲ. ಅದು ನಿಜ.

ಗಣಪತಿ ಮಾವ: ಗೀತಾ, ನಿನ್ನ ಅತ್ತೆ ಈಗ ಹೇಗಿದ್ದಾರೆ?

ಗೀತಾ: ರಾತ್ರಿ ಮಲಗಲು ಆಗುವುದಿಲ್ಲ, ದಿಂಬಿಗೆ ಒರಗಿ ಕೂತೇ ಇರುತ್ತಾರೆ ಮಾವ.

ಗಣಪತಿ ಮಾವ: ಗಾಳಿ ಶುರುವಾಗುವ ಮೊದಲೇ ಇಲ್ಲಿಗೆ ಕರೆದುಕೊಂಡು ಬಾ. ಮಳೆ ಹಿಡಿಯುವ ತನಕ ನಮ್ಮಲ್ಲೇ ಇರಲಿ. ಹೊರಗಿನ ಕೋಣೆ ಖಾಲಿ ಇದೆ, ಮೆಟ್ಟಿಲು ಹತ್ತುವ ಕೆಲಸ ಇಲ್ಲ.